ಟಗರಿನ ಬಲಗಿವಿ

ನಮ್ಮ ಮನೆಯಲ್ಲಿ ಕುರಿಗೆ ಹೆಸರಿರಲಿಲ್ಲ, ಕಿವಿ ಇತ್ತು. ಎಡಗಿವಿಯ ಕೆಳಗಿನ ಅಂಚಿನಲ್ಲಿ ಅರ್ಧಚಂದ್ರದಂಥ ಒಂದು ಕಚ್ಚು ಇದ್ದರೆ ಅದು ನಮ್ಮದು, ಇಲ್ಲದಿದ್ದರೆ ಬೇರೆಯವರದು. ಮರಿ ಹುಟ್ಟಿ ತಿಂಗಳು ತುಂಬುವುದರೊಳಗೆ ಅಜ್ಜ ಅದನ್ನು ತೊಡೆಯ ಮೇಲೆ ಕೆಡವಿಕೊಂಡು, ಕತ್ತರಿಯಿಂದ ಒಂದೇ ಸಲಕ್ಕೆ ಕಚ್ಚು ಹಾಕಿ, ಅರಿಶಿನ ಕಲಸಿದ ಎಣ್ಣೆಯನ್ನು ಗಾಯಕ್ಕೆ ಒತ್ತಿ, "ಇನ್ನ ನೀ ನಮ್ಮ ಮನಿಯಾಕಿ" ಎಂದು ಕೆಳಗೆ ಬಿಡುತ್ತಿದ್ದ. ಹೊಸಹಳ್ಳಿಗೆ ನಡೆದೇ ಹೋಗಬಹುದಾದ ನಮ್ಮ ಊರಲ್ಲಿ ಕುರಿ ಸಾಕುವ ಪ್ರತಿ ಮನೆಗೂ ಒಂದೊಂದು ಗುರುತು. ಅಕ್ಷರ ಬಾರದ ಹಿರಿಯರು ಆ ಗುರುತುಗಳನ್ನು ಸರಾಗವಾಗಿ ಓದುತ್ತಿದ್ದರು. ಕೆರೆಯ ನೀರಿಗೆ ನಾಲ್ಕು ಹಿಂಡು ಒಟ್ಟಿಗೆ ಇಳಿದು ಕಲೆತುಹೋದರೂ ಯಾರೂ ಗಾಬರಿಯಾಗುತ್ತಿರಲಿಲ್ಲ. ಕಿವಿ ನೋಡಿ ತಮ್ಮ ತಮ್ಮದನ್ನು ಬೇರ್ಪಡಿಸಿಕೊಂಡು ಹೋಗುತ್ತಿದ್ದರು. ಒಬ್ಬರ ಗುರುತು ಕೆಡಿಸಿ ಅದರ ಮೇಲೆ ತಮ್ಮ ಗುರುತು ಹಾಕುವವರೂ ಇರುತ್ತಾರೆ ಎಂಬ ಮಾತನ್ನು ನಮ್ಮ ಮನೆಯಲ್ಲಿ ಮಕ್ಕಳ ಎದುರು ಆಡುತ್ತಿರಲಿಲ್ಲ.

ಮನೆ ಎಂದರೆ ಎರಡು ಅಂಕಣ. ಮುಂದಿನದರಲ್ಲಿ ಅಜ್ಜನ ಕಂಬಳಿ, ಅವನ ಕೋಲು, ಗೂಟಕ್ಕೆ ತೂಗುಹಾಕಿದ ಬೀರಪ್ಪ ದೇವರ ಭಂಡಾರದ ಅರಿಶಿನ ತುಂಬಿದ ಚೀಲ. ಹಿಂದಿನದರಲ್ಲಿ ಅವ್ವನ ಒಲೆ, ಜೋಳದ ಗುಡಾಣ. ಹಿತ್ತಲ ಬಾಗಿಲು ತೆಗೆದರೆ ಜಾಲಿಮುಳ್ಳಿನ ಬೇಲಿಯ ರೊಪ್ಪ, ಅದರೊಳಗೆ ಕುರಿ. ನಾನು ತಂದ ರೊಟ್ಟಿಗೂ ಹಿಕ್ಕೆಯ ವಾಸನೆ ಇದೆ ಎಂದು ಶಾಲೆಯ ಗೆಳತಿಯರು ಮೂಗು ಮುಚ್ಚಿಕೊಂಡಾಗಲೇ ನನಗೆ ನಮ್ಮ ಮನೆಗೊಂದು ವಾಸನೆ ಇದೆ ಎಂದು ಗೊತ್ತಾದದ್ದು. ಅಪ್ಪ ವರ್ಷದ ಹೆಚ್ಚು ದಿನ ದೊಡ್ಡ ಹಿಂಡನ್ನು ಕಟ್ಟಿಕೊಂಡು ಗಂಗಾವತಿ ಕಡೆಯ ಗದ್ದೆಗಳಲ್ಲಿ ಇರುತ್ತಿದ್ದ. ಊರಲ್ಲಿ ಉಳಿದ ಸಣ್ಣ ಹಿಂಡು ಅಪ್ಪನ ತಮ್ಮ ಸಿದ್ದಪ್ಪ ಕಾಕನ ಪಾಲಿಗೆ. ಕಾಕನಿಗೆ ಇನ್ನೂ ಮದುವೆಯಾಗಿರಲಿಲ್ಲ. ಊಟಕ್ಕೆ ಕೂತರೆ ತನ್ನ ತಟ್ಟೆಯ ಶೇಂಗಾ ಹಿಂಡಿಯನ್ನು ನನ್ನ ರೊಟ್ಟಿಯ ಮೇಲೆ ಸುರಿದು, ಅವ್ವ ತಿರುಗಿ ನೋಡಿದಾಗ ತನಗೆ ಬಡಿಸಿಯೇ ಇಲ್ಲ ಎಂದು ಜಗಳ ತೆಗೆಯುತ್ತಿದ್ದ. ನನ್ನನ್ನು ಹೊತ್ತು ತಿರುಗಿದ್ದು, ಜ್ವರ ಬಂದಾಗ ಕೂಡ್ಲಿಗಿಯ ಆಸ್ಪತ್ರೆಗೆ ಸೈಕಲ್ಲಿನಲ್ಲಿ ಕರೆದೊಯ್ದದ್ದು, ಹೆಣ್ಣುಮಗಳಿಗೆ ಹೈಸ್ಕೂಲು ಯಾಕೆ ಎಂದವರ ಬಾಯಿ ಮುಚ್ಚಿಸಿದ್ದು ಎಲ್ಲ ಅವನೇ. ಅಜ್ಜನ ಎರಡೂ ಕಣ್ಣಿಗೆ ಅಷ್ಟು ಹೊತ್ತಿಗೆ ಪೊರೆ ಬಂದಿತ್ತು. ಬೆಳಕು, ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಕುರಿಯ ಕಿವಿಯನ್ನು ಹೆಬ್ಬೆರಳಿನಿಂದ ಸವರಿ ಗುರುತು ಹಿಡಿಯುತ್ತಿದ್ದ.

ಎಂಟನೆಯ ತರಗತಿಗೆ ಬಂದಾಗ ಹರಪನಹಳ್ಳಿ ಕಡೆಯ ಒಬ್ಬ ಚಿತ್ರಕಲೆ ಮೇಷ್ಟ್ರು ನಮ್ಮ ಶಾಲೆಗೆ ಬಂದರು. ಡ್ರಾಯಿಂಗ್ ಪರೀಕ್ಷೆಗೆ ಕಟ್ಟಿಸುತ್ತೇನೆ, ಇಷ್ಟವಿದ್ದವರು ಸಂಜೆ ಉಳಿಯಿರಿ ಎಂದರು. ಉಳಿದವರು ಏಳೆಂಟು ಜನ. ಮೊದಲ ದಿನ ಹಲಗೆಗೆ ಒಂದು ಕುರಿಯ ಚಿತ್ರ ಅಂಟಿಸಿ ನೋಡಿ ಬರೆಯಲು ಹೇಳಿದರು. ಕುರಿ ಎಂದರೆ ನನಗೇನು ಹೊಸದೇ? ಮಿಕ್ಕವರಿಗಿಂತ ಮೊದಲು ಮುಗಿಸಿ ಕೊಟ್ಟೆ. ಮೇಷ್ಟ್ರು ಕಾಗದವನ್ನೂ ಹಲಗೆಯನ್ನೂ ಎರಡು ಮೂರು ಸಲ ನೋಡಿದರು.

"ಏನಮ್ಮಾ ಹಾಲಮ್ಮ, ಇದರ ಕಿವಿ ಇಲಿ ತಿಂದೈತಾ?"

"ಇಲ್ರಿ ಸರ, ಅದು ಗುರ್ತು."

"ಗುರ್ತಾ? ಆ ಚಿತ್ರದಾಗೆ ಎಲ್ಲೈತೆ, ತೋರ್ಸು."

"ಚಿತ್ರದಾಗ ಇಲ್ರಿ. ಆದ್ರ ಕುರಿ ಅಂದಮ್ಯಾಲ ಇರ್ಬೇಕಲ್ರಿ? ಇಲ್ಲಾಂದ್ರ ಅದು ಯಾರ ಮನೀದು ಅಂತ ಹ್ಯಾಂಗ ತಿಳೀಬೇಕು?"

ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಹಿಂದಿನ ಸಾಲಿನವರು ಬ್ಯಾ ಎಂದು ಕೂಗಿದರು.  ಆಮೇಲೆ ಮೇಷ್ಟ್ರು ನನ್ನ ಪಕ್ಕ ಬೆಂಚಿನ ಮೇಲೆ ಕೂತು, ನಿನ್ನ ತಲೆಯೊಳಗಿನ ಕುರಿ ಬೇಡ, ಕಣ್ಣಮುಂದಿನದು ಬರಿ, ಕಂಡಷ್ಟೇ ಬರಿ, ದಿನಕ್ಕೊಂದು ತಂದು ತೋರಿಸು ಎಂದರು. ಇನ್ನೊಂದು ತಪ್ಪನ್ನೂ ಹಿಡಿದರು. ಹಾಳೆಯನ್ನು ತಿರುಗಿಸಿ ಅದರ ಬೆನ್ನನ್ನು ಸವರಿ, "ಪೆನ್ಸಿಲ್ ಹಿಡಿದಿದ್ಯೋ ಹಾರೆ ಹಿಡಿದಿದ್ಯೋ? ಗೆರೆ ಆಕಡೆಗೆ ಉಬ್ಬಿ ಬಂದಾವಲ್ಲ" ಎಂದರು. ಕೈ ಹಗುರ ಮಾಡಿಕೋ, ಪೆನ್ಸಿಲ್ಲಿನ ಮೊನೆಗೆ ಅಂಟಿಕೊಂಡು ಹಿಡಿಯಬೇಡ, ಹಿಂದಕ್ಕೆ ಹಿಡಿ, ಮೊದಲು ತೇಲಿಸಿದ ಹಾಗೆ ಎಳೆ, ಅದು ಸರಿ ಅನ್ನಿಸಿದ ಮೇಲೆ ಒತ್ತು ಎಂದರು. ಇವೆರಡು ಮಾತು ಕೇಳಲು ಸುಲಭ.

ಮಾಡಲು ಹೋದಾಗ ಗೊತ್ತಾಯಿತು. ಮೈಗೊಂದು ದೊಡ್ಡ ಮೊಟ್ಟೆಯಾಕಾರ, ತಲೆಗೊಂದು ಸಣ್ಣದು, ಎರಡನ್ನೂ ಸೇರಿಸುವ ಕತ್ತು. ಇಷ್ಟು ಬಂದರೆ ಕಾಲು ಮಂಚದ ಕಾಲಿನ ಹಾಗೆ ನಿಲ್ಲುತ್ತಿತ್ತು. ಕಾಲು ಬಂದರೆ ಮುಖ ನಾಯಿಯದಾಗುತ್ತಿತ್ತು. ಕರಿ ಕುರಿ ಸುಲಭ, ತುಂಬಿಬಿಟ್ಟರಾಯಿತು ಎಂದುಕೊಂಡು ತುಂಬಿದರೆ ಹಾಳೆಯ ಮೇಲೆ ಇದ್ದಿಲ ಗುಡ್ಡೆ. ಬಿಸಿಲು ಬಿದ್ದ ಕಡೆ ಕರಿಯೂ ಬೆಳ್ಳಗೆ ಇರುತ್ತದೆ ಎಂಬುದನ್ನು ನೋಡಲು ನನಗೆ ಒಂದು ತಿಂಗಳೇ ಬೇಕಾಯಿತು. ಅಳತೆ ಹಿಡಿಯಲು ತೋಳು ಚಾಚಿ, ಪೆನ್ಸಿಲ್ ನೆಟ್ಟಗೆ ಹಿಡಿದು, ಒಂದು ಕಣ್ಣು ಮುಚ್ಚಬೇಕೆಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ನಾನು ರೊಪ್ಪದ ಬಾಗಿಲಲ್ಲಿ ಹಾಗೆ ನಿಂತದ್ದನ್ನು ಕಂಡು ಅವ್ವ ಒಲೆಯ ಮುಂದಿನಿಂದಲೇ ಕೂಗಿದಳು.

"ಮಾವಾ, ನಿಮ್ ಮಮ್ಮಗಳು ಕುರಿಗೆ ಕಣ್ಣು ಹೊಡಿಯಾಕ ಹತ್ಯಾಳ ನೋಡ್ರಿ!"

"ಹೊಡೀಲಿ ಬಿಡವ್ವ. ಅವೇನು ಮನಸಿನ್ಯಾಗ ಇಟ್ಕೊಳ್ಳಂಗಿಲ್ಲ."

ನಮ್ಮ ಮನೆಯಲ್ಲಿ ನನ್ನ ಚಿತ್ರಗಳನ್ನು ನಿಜವಾಗಿ ನೋಡುತ್ತಿದ್ದವನು ಕಣ್ಣು ಕಾಣದ ಅಜ್ಜ. ನನ್ನ ಭಾರದ ಕೈ ಅವನಿಗೆ ಅನುಕೂಲವಾಗಿ ಬಂದಿತ್ತು. ಹಾಳೆಯನ್ನು ಬೋರಲು ಮಾಡಿ ಕಂಬಳಿಯ ಮೇಲೆ ಇಟ್ಟುಕೊಂಡು, ಉಬ್ಬಿದ ಗೆರೆಗಳ ಮೇಲೆ ನಿಧಾನಕ್ಕೆ ಬೆರಳಾಡಿಸಿ, "ಇದರ ಹಿಂದಗಾಲು ಮುರ್ದೈತೇನ?", "ಇದು ಗಬ್ಬದ ಕುರಿ, ಹೊಟ್ಟಿ ಇನ್ನೊಂಚೂರು ಇಳೀಬೇಕು", "ಕಚ್ಚು ಇಷ್ಟು ಮ್ಯಾಲ ಹಾಕಿದ್ರ ಅದು ನಮ್ದಲ್ಲ, ಗೌಡ್ರ ಮನೀದು" ಎಂದು ತಿದ್ದುತ್ತಿದ್ದ. ಮುಂಬದಿಯ ಚಿತ್ರವನ್ನು ಹಾಳೆಯ ಬೆನ್ನಿನಿಂದ ಓದುವುದರಿಂದ ಎಡ ಬಲವಾಗಿ, ಬಲ ಎಡವಾಗಿ ತೋರುವುದೂ ಅವನಿಗೆ ಬೇಗ ರೂಢಿಯಾಯಿತು. ಹೀಗೆ ನನಗೆ ಇಬ್ಬರು ಗುರುಗಳಾದರು. ಒಬ್ಬರಿಗೆ ಕೈ ಹಗುರಾಗಬೇಕು, ಇನ್ನೊಬ್ಬನಿಗೆ ಹಗುರಾದರೆ ಚಿತ್ರವೇ ಇಲ್ಲ. ಶಾಲೆಯಲ್ಲಿ ತೇಲಿಸಲು ಒದ್ದಾಡುತ್ತಿದ್ದೆ, ಮನೆಗೆ ಬಂದು ಒತ್ತುತ್ತಿದ್ದೆ.

ಒಂದು ಭಾನುವಾರ ಕಾಕನಿಗೆ ಬುತ್ತಿ ತೆಗೆದುಕೊಂಡು ಕೆರೆಯಂಗಳಕ್ಕೆ ಹೋದೆ. ಹಿಂದಿನ ವಾರ ಉಜ್ಜಿನಿ ಕಡೆಯ ಒಂದು ಹಿಂಡು ಅಲ್ಲಿ ಎರಡು ದಿನ ಬೀಡುಬಿಟ್ಟು ಮುಂದಕ್ಕೆ ಹೋಗಿತ್ತು. ನಮ್ಮ ಕುರಿಗಳ ನಡುವೆ ನಾನೆಂದೂ ಕಾಣದ ಒಂದು ಟಗರು ಮೇಯುತ್ತಿತ್ತು. ಅಂಥ ಕೋಡನ್ನು ನಾನು ಅದುವರೆಗೆ ನೋಡಿರಲಿಲ್ಲ. ಎರಡು ಸುತ್ತು ತಿರುಗಿ, ಕೆನ್ನೆಗೆ ತಾಗದೆ ಹೊರಕ್ಕೆ ಚಾಚಿಕೊಂಡಿದ್ದವು. ಅದರ ಬಲಗಿವಿಯ ತುದಿಯಲ್ಲಿ ಅಕ್ಕಪಕ್ಕ ಎರಡು ಸೀಳು.

"ಇದು ಯಾರ್ದು ಕಾಕಾ?"

"ಹಿಂದ ಉಳಕೊಂಡೈತಿ. ನಾಳಿ ಕೊಟ್ಟೂರು ಸಂತಿಗೆ ಹೋಗೋರ ಕೈಯಾಗ ಹೇಳಿ ಕಳಿಸ್ತೀನಿ. ನೋಡ ಹಾಲಿ, ಎಂಥಾ ಎದಿ, ಎಂಥಾ ನಡಿಗಿ! ಇಂಥಾದೊಂದು ನಮ್ಮ ರೊಪ್ಪದಾಗ ಇದ್ದಿದ್ರ..."

ಕಾಕ ಅದರ ಬೆನ್ನು ಸವರಿದ. ನಾನು ಬಂಡೆಯ ಮೇಲೆ ಕೂತು ಚಿತ್ರದ ಪುಸ್ತಕ ತೆಗೆದೆ. ಅಜ್ಜನಿಗೆ ಆ ಕೋಡನ್ನು ಮುಟ್ಟಿಸಬೇಕೆಂಬ ಆಸೆಗೆ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಒತ್ತಿ ಬರೆದೆ. ಕಂಡಷ್ಟನ್ನೇ ಬರೆದೆ. ನಮ್ಮ ಕಚ್ಚು ಹಾಕಲಿಲ್ಲ. ಬಲಗಿವಿಗೆ ಎರಡು ಸೀಳು ಹಾಕಿದೆ. ಮರುದಿನ ಮೇಷ್ಟ್ರು ಅದನ್ನು ಇಡೀ ತರಗತಿಗೆ ಎತ್ತಿ ತೋರಿಸಿದರು. "ಈಗ ನೋಡಾಕೆ ಕಲಿತೆ ನೀನು" ಎಂದರು. ಅವತ್ತು ನಾನು ಊರಿನ ದಾರಿಯುದ್ದಕ್ಕೂ ಓಡಿಕೊಂಡೇ ಬಂದೆ. ಅಜ್ಜ ಆ ವಾರ ನೀಲಗುಂದದ ಅತ್ತೆಯ ಮನೆಗೆ ಹೋಗಿದ್ದ. ಅವನು ಬರುವ ಹೊತ್ತಿಗೆ ಪುಸ್ತಕ ಮೇಷ್ಟ್ರ ಬಳಿ ಇತ್ತು. ಹೀಗಾಗಿ ಆ ಹಾಳೆ ಅವನ ಕೈಗೆ ಹೋಗದೆ ಉಳಿಯಿತು.

ಹದಿನೈದು ದಿನವಾದ ಮೇಲೆ ಅದೇ ಟಗರು ನಮ್ಮ ರೊಪ್ಪಕ್ಕೆ ಬಂತು. ಎಡಗಿವಿಯಲ್ಲಿ ನಮ್ಮ ಅರ್ಧಚಂದ್ರ. ಬಲಗಿವಿಯ ತುದಿಯೇ ಇರಲಿಲ್ಲ, ಮೊಂಡು. ದೊಡ್ಡ ಹಿಂಡಿನಿಂದ ಅಣ್ಣ ಕಳಿಸಿದ್ದಾನೆ, ಬಲಗಿವಿಯನ್ನು ಅಲ್ಲಿ ನಾಯಿ ಹರಿದಿದೆ ಎಂದು ಕಾಕ ಅಜ್ಜನಿಗೆ ಹೇಳಿದ. ಅಜ್ಜ ಎಡಗಿವಿ ಸವರಿದ, ಕೋಡು ಸವರಿದ, ತನ್ನ ದೊಡ್ಡ ಮಗನ ಮೇಲೆ ಹೆಮ್ಮೆಪಟ್ಟು ಅವ್ವನಿಗೆ ಬೆಲ್ಲದ ಅನ್ನ ಮಾಡಲು ಹೇಳಿದ. ಮೇಷ್ಟ್ರು ಆ ದಿನವೇ ವಾಪಸು ಕೊಟ್ಟಿದ್ದ ಪುಸ್ತಕವನ್ನು ನಾನು ಗುಡಾಣದ ಮರೆಯಲ್ಲಿ ತೆರೆದು ನೋಡುತ್ತಿದ್ದೆ. ಕಾಕ ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತ. ಅವನು ಗದರಿಸಿದ್ದರೆ ನಾನು ಏನು ಮಾಡುತ್ತಿದ್ದೆನೋ. ಅವನು ಕೈಮುಗಿದ.

"ಅದನ್ನ ಅಳಿಸಿಬಿಡವ್ವ. ನನ್ ಕಣ್ಣಿಗೆ ಏನೋ ಕವೀತು, ಮಾಡಿಬಿಟ್ಟೆ. ಈಗ ಹೇಳಿದ್ರ ಅಪ್ಪ ನನ್ನ ಹೊಸ್ತಿಲ ದಾಟಸಂಗಿಲ್ಲ. ಯಾರಿಗೂ ಹೇಳ್ಬ್ಯಾಡ. ನೀ ನನ್ ಮಗಳಲ್ಲೇನ?"

ನಾನು ರಬ್ಬರ್ ತೆಗೆದುಕೊಂಡು ತಿಕ್ಕಿದೆ. ಕಪ್ಪು ಹೋಯಿತು. ಹಾಳೆ ನಾರುನಾರಾಯಿತು. ಆದರೆ ಸೀಳು ಹೋಗಲಿಲ್ಲ. ಎಷ್ಟು ತಿಕ್ಕಿದರೂ ಬಣ್ಣವಿಲ್ಲದ ಎರಡು ಗುಳಿಗಳು ಹಾಗೇ ನಿಂತವು. ಕಾಕ ಪುಸ್ತಕವನ್ನು ಬಾಗಿಲ ಬೆಳಕಿಗೆ ಹಿಡಿದು, "ಹೋತು, ಚೊಲೋ ಅಳಿಸಿದಿ" ಎಂದು ನನ್ನ ತಲೆ ಸವರಿದ. ಅವನಿಗೆ ಗುರುತು ಮಾಡಲು ಬರುತ್ತಿತ್ತು, ಹಾಳೆ ಓದಲು ಬರುತ್ತಿರಲಿಲ್ಲ. ಅವತ್ತಿನಿಂದ ಶಾಲೆಯಲ್ಲಿ ಮಣ್ಣಿನ ಕುಂಡ ಇಟ್ಟು ಬರೆಯಲು ಹೇಳಿದರೆ ಅದರ ಅಂಚಿನಲ್ಲೂ ಎರಡು ಸೀಳು ಕಾಣುತ್ತಿತ್ತು. ಮೇಷ್ಟ್ರು ಏನಾಯಿತೆಂದು ಕೇಳಿದರು, ಹೊಟ್ಟೆನೋವು ಎಂದೆ. ಸಂಜೆ ಅಜ್ಜ ಹಾಳೆಗಾಗಿ ಕೈಚಾಚಿದರೆ ಇವತ್ತು ಬರೆದಿಲ್ಲ ಎನ್ನುತ್ತಿದ್ದೆ.

ತಿಂಗಳ ಕೊನೆಗೆ ಗಂಗವ್ವ ಬಂದಳು. ಉಜ್ಜಿನಿ ಕಡೆಯ ಹಿಂಡಿನ ಒಡತಿ, ಅರವತ್ತರ ಹೆಂಗಸು. ಕಚ್ಚೆ ಬಿಗಿದು, ಕೈಯಲ್ಲಿ ಕೋಲು ಹಿಡಿದು, ಜೊತೆಗೆ ನಮ್ಮೂರಿನ ಇಬ್ಬರು ಹಿರಿಯರನ್ನು ಕರೆದುಕೊಂಡೇ ಅಂಗಳಕ್ಕೆ ಕಾಲಿಟ್ಟಳು.

"ಯಜಮಾನ್ರ, ನಾ ಜಗಳಕ್ಕ ಬಂದಿಲ್ರಿ. ತಾಯಿ ಸತ್ತ ಮರೀನ ಅಂಬಲಿ ಕುಡಿಸಿ ಸಾಕೀನಿ. ಅದರ ಕೋಡು ನಿಮ್ ರೊಪ್ಪದಾಗ ಐತಿ ಅಂತ ಕಂಡೋರು ಹೇಳ್ಯಾರ."

"ಕೋಡು ಇದ್ದ ಟಗರೆಲ್ಲ ನಿಂದಾ ಏನಬೇ?" ಎಂದ ಕಾಕ.

"ನಿನ್ ಬಾಯಿ ಮುಚ್ಚಪ್ಪ ತಮ್ಮಾ. ಮೀಸಿ ಬಂದೋರ ಜೋಡಿ ಮಾತಾಡಾಕ ಬಂದೀನಿ ನಾ."

ಹಿರಿಯರು ನಕ್ಕರು. ಅಜ್ಜ ನಗಲಿಲ್ಲ. ಆ ಟಗರಿನ ಎಡಗಿವಿಯಲ್ಲಿ ನಮ್ಮ ಗುರುತಿದೆ, ತಾನೇ ಮುಟ್ಟಿ ನೋಡಿದ್ದೇನೆ, ಅದು ದೊಡ್ಡ ಮಗ ಕಳಿಸಿದ್ದು ಎಂದು ಸಮಾಧಾನವಾಗಿಯೇ ಹೇಳಿದ. ಗಂಗವ್ವ ಕೋಲನ್ನು ಗೋಡೆಗೆ ಒರಗಿಸಿದಳು.

"ನೀವು ಬೀರಪ್ಪನ ಭಂಡಾರ ಕಾಯೋರು. ಅದನ್ನ ಕೈಯಾಗ ಹಿಡ್ಕೊಂಡು ನಮ್ದು ಅಂದುಬಿಡ್ರಿ. ನಾ ಸುಮ್ನ ಹೊಂಟು ಹೋಗ್ತೀನಿ."

ನಮ್ಮವರಲ್ಲಿ ಭಂಡಾರ ಹಿಡಿದ ಮೇಲೆ ಮಾತಿಲ್ಲ. ಆ ಅರಿಶಿನ ಹಿಡಿದು ಸುಳ್ಳು ಹೇಳಿದವರ ಮನೆಯಲ್ಲಿ ದೀಪ ಹಚ್ಚಲು ಯಾರೂ ಉಳಿಯುವುದಿಲ್ಲ ಎಂದು ನಂಬಿ ಬೆಳೆದವಳು ನಾನು. ಜೀವಮಾನದಲ್ಲಿ ಅಜ್ಜ ಒಂದು ಸಲವೂ ಅದನ್ನು ಆಣೆಗೆ ಎತ್ತಿರಲಿಲ್ಲ. ಈಗ ಮಗನ ಮಾತು ನಂಬಿ ಎತ್ತಲು ಹೊರಟಿದ್ದ. ಕೆರೆಯಂಗಳದಿಂದ ಟಗರನ್ನು ಹಿಡಿದು ತಾ ಎಂದು ಕಾಕನನ್ನು ಕಳಿಸಿ, ಕಾಲು ತೊಳೆದುಕೊಂಡು ಒಳಗೆ ಬಂದ. ಹೋಗುವಾಗ ಕಾಕ ನನ್ನ ಕಡೆ ನೋಡಿದ. ಆ ನೋಟಕ್ಕೆ ನಾನು ತಲೆಯಾಡಿಸಿದೆ. ಹೇಳುವುದಿಲ್ಲ ಎಂದು.

ಹೇಳಲಿಲ್ಲ. ಅಜ್ಜ ಗೂಟದ ಕಡೆ ಕೈ ಎತ್ತಿದಾಗ ಪುಸ್ತಕ ತೆರೆದು, ಆ ಹಾಳೆಯ ಬೆನ್ನನ್ನು ಅವನ ಇನ್ನೊಂದು ಕೈಯ ಕೆಳಗೆ ಇಟ್ಟೆ.  ಮೊಮ್ಮಗಳು ಹೊತ್ತಲ್ಲದ ಹೊತ್ತಿನಲ್ಲಿ ಚಿತ್ರ ತೋರಿಸುತ್ತಿದ್ದಾಳೆ ಎಂದು ಅಜ್ಜನ ಮುಖದಲ್ಲಿ ಒಂದು ನಗು ಬಂತು. ಬೆರಳು ಕೋಡಿನ ಸುತ್ತು ಹಿಡಿದು ತಿರುಗಿತು.

"ಕೋಡು ಚೊಲೋ ಬಂದಾವ ಹಾಲವ್ವ."

ಬೆರಳು ಕಿವಿಗೆ ಇಳಿಯಿತು. ದಾಟಿ ಹೋಯಿತು. ನಿಂತಿತು. ಹಿಂದಕ್ಕೆ ಬಂತು. ಎರಡು ಸೀಳುಗಳ ಮೇಲೆ ಹೆಬ್ಬೆರಳು ಎಷ್ಟು ಹೊತ್ತು ಕೂತಿತ್ತೋ, ನನಗೆ ಹೊರಗೆ ಗಂಗವ್ವ ಎಲೆಯಡಿಕೆ ಜಗಿಯುವ ಸದ್ದು ಕೇಳುತ್ತಿತ್ತು.

"ಇದು ಎಂದಿಂದು?"

"ನೀ ಅತ್ತಿ ಮನಿಗೆ ಹೋಗಿದ್ದಾಗಿಂದು. ಕೆರಿ ಹತ್ರ."

"ಹಾಳಿ ಮುಂದ ನಾರೆದ್ದೈತಿ. ಅಳಿಸೀಯೇನ?"

"ಹೂಂ."

ಯಾರು ಅಳಿಸಲು ಹೇಳಿದರು ಎಂದು ಅವನು ಕೇಳಲಿಲ್ಲ. ಗೂಟದ ಮೇಲಿನ ಕೈಯನ್ನು ಕೆಳಗಿಳಿಸಿದ. ಹಾಳೆಯನ್ನು ತಾನೇ ಕಿತ್ತು ನನ್ನ ಕೈಗೆ ಕೊಟ್ಟು, "ಒಲಿಗೆ ಹಾಕು. ಅವ ಬರೋದರಾಗ. ನೀ ನನಗ ಏನೂ ತೋರ್ಸಿಲ್ಲ" ಎಂದ. ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, ಆ ಕೋಡು ಉರಿಯುವುದನ್ನು ನೋಡಿದಳು. ಬೂದಿಯನ್ನು ಕಡ್ಡಿಯಿಂದ ಕೆದರಿ ಮತ್ತೆ ರೊಟ್ಟಿ ತಟ್ಟತೊಡಗಿದಳು.

ಕಾಕ ಟಗರನ್ನು ತಂದಾಗ ಅಜ್ಜ ಅಂಗಳದಲ್ಲಿ ಕೂತಿದ್ದ. ಅದರ ಮೊಂಡು ಬಲಗಿವಿಯನ್ನು ಹಿಡಿದು ಎಲ್ಲರಿಗೂ ಕಾಣುವ ಹಾಗೆ ಬಹಳ ಹೊತ್ತು ಸವರಿದ. ಅವನಿಗೆ ಆಗಲೇ ಎಲ್ಲ ಗೊತ್ತಿತ್ತು. ಆದರೂ ಹೊಸದಾಗಿ ಕಂಡುಹಿಡಿಯುವವನ ಹಾಗೆ ಹುಬ್ಬು ಗಂಟಿಕ್ಕಿದ.

"ಇದು ನಾಯಿ ಹರಿದ ಕಿವಿ ಅಲ್ಲ. ನಾಯಿ ಇಷ್ಟು ಸಮ ಕಡಿಯಂಗಿಲ್ಲ. ಕತ್ತರಿ ಆಡೈತಿ ಇಲ್ಲಿ. ತಂಗೀ, ನಿನ್ನ ಟಗರು ನೀ ಹೊಡ್ಕೊಂಡು ಹೋಗವ್ವ. ತಪ್ಪು ನಮ್ಮ ಮನೀದು."

ಗಂಗವ್ವ ಬಗ್ಗಿ ಅಜ್ಜನ ಕಾಲು ಮುಟ್ಟಿದಳು. ಅವನು ಕಾಲು ಹಿಂದಕ್ಕೆ ಎಳೆದುಕೊಂಡ. ಹಿರಿಯರು ಕೆಮ್ಮುತ್ತ ಎದ್ದರು. ಕಾಕ ಹಗ್ಗ ಹಿಡಿದುಕೊಂಡೇ ನಿಂತಿದ್ದ. ಗಂಗವ್ವ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಗ್ಗ ತೆಗೆದುಕೊಳ್ಳಬೇಕಾಯಿತು.

ಅಜ್ಜ ಅವನನ್ನು ಹೊಡೆಯಲಿಲ್ಲ, ಬಯ್ಯಲಿಲ್ಲ, ಮನೆಯಿಂದ ಹೊರಗೆ ಹಾಕಲಿಲ್ಲ. ಅವನ ಕೈಯಿಂದ ನೀರು ತೆಗೆದುಕೊಳ್ಳುವುದನ್ನು ಬಿಟ್ಟ, ಅಷ್ಟೇ. ಒಂಬತ್ತು ದಿನ ಕಾಕ ತಂಬಿಗೆ ಹಿಡಿದು ಅಜ್ಜನ ಮುಂದೆ ನಿಂತು, ಮತ್ತೆ ಒಳಗೆ ಹೋಗಿ ನನ್ನ ಕೈಗೆ ಕೊಟ್ಟ. ಹತ್ತನೆಯ ದಿನ ಅಣ್ಣನನ್ನು ಊರಿಗೆ ಕಳಿಸುತ್ತೇನೆ, ದೊಡ್ಡ ಹಿಂಡಿನ ಜೊತೆ ನಾನೇ ಇರುತ್ತೇನೆ ಎಂದು ಕಂಬಳಿ ಹೆಗಲಿಗೆ ಹಾಕಿದ. ಬುತ್ತಿ ಕೊಡಲು ಊರಾಚೆಯ ಬೇವಿನ ಮರದವರೆಗೆ ನಾನು ಹೋದೆ. ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡೆ.

"ಅಳಬ್ಯಾಡ ಹಾಲಿ. ನೀ ಕೊಟ್ಟ ಮಾತು ಉಳಿಸ್ಕೊಂಡಿ. ಅಪ್ಪನ ಬೆರಳಿಗೆ ಕಣ್ಣದಾವು, ನೀ ಏನ್ ಮಾಡ್ತಿ? ಆ ಮನ್ಯಾಗ ನನ್ನ ಬಿಟ್ಟು ಕೊಡಲಾರದಾಕಿ ನೀ ಒಬ್ಬಾಕಿ."

ನಾನು ಬುತ್ತಿಯ ಗಂಟನ್ನು ಅವನ ಕೈಗಿಟ್ಟು ಊರ ಕಡೆ ತಿರುಗಿದೆ.

ಆಮೇಲೆ ನನ್ನ ಕೈ ಹಗುರಾಯಿತು. ಕಲಿತು ಆದದ್ದಲ್ಲ, ಪೆನ್ಸಿಲ್ ಒತ್ತಲು ಹೆದರಿಕೆ. ಗೆರೆ ಹಾಳೆಯನ್ನು ಮುಟ್ಟಿಯೂ ಮುಟ್ಟದ ಹಾಗೆ ಬೀಳುತ್ತಿತ್ತು. ಬಿಸಿಲು ಬಿದ್ದ ಕರಿ ಉಣ್ಣೆ, ಕುಂಡದ ಹೊಟ್ಟೆಯ ನೆರಳು ಎಲ್ಲ ಮೇಷ್ಟ್ರು ಹೇಳಿದಂತೆಯೇ ಬರತೊಡಗಿದವು. ಪರೀಕ್ಷೆಯಲ್ಲಿ ಪಾಸಾದೆ. ಇವತ್ತಿಗೂ ನಾನು ಅಂಗನವಾಡಿಯ ಗೋಡೆಗೆ ಚಿತ್ರ ಬರೆದರೆ ಎಷ್ಟು ನಯವಾದ ಕೈ ಎನ್ನುತ್ತಾರೆ. ಅಜ್ಜ ಮಾತ್ರ ಹಾಳೆಯನ್ನು ಬೋರಲು ಮಾಡಿ, ಮೇಲಿನಿಂದ ಕೆಳಗಿನವರೆಗೆ ಸವರಿ, "ಇದರಾಗ ಏನೂ ಇಲ್ಲಲ್ಲವ್ವ" ಎಂದು ವಾಪಸು ಕೊಡುತ್ತಿದ್ದ. ನಮ್ಮಿಬ್ಬರ ನಡುವೆ ಆ ಬೆಳಗಿನ ಮಾತು ಮತ್ತೆ ಬರಲಿಲ್ಲ. ಎರಡು ವರ್ಷಕ್ಕೆ ಅವನು ತೀರಿಕೊಂಡ.

ಕಾಕ ಗಂಗಾವತಿ ಕಡೆಯೇ ಮದುವೆಯಾಗಿ ನೆಲೆನಿಂತ. ಹೋದ ಬೇಸಿಗೆಯಲ್ಲಿ ಅವನಿಗೆ ಜಡ್ಡು ಬಹಳ ಜೋರಾಗಿದೆ, ಬಾ ಎಂದು ಫೋನ್ ಬಂತು. ಹೋದೆ. ಮನೆ ತುಂಬ ಜನ. ಮೂವರು ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು. ಅವನ ಗಂಟಲಲ್ಲಿ ಆಗಲೇ ಗೊರಗೊರ ಶುರುವಾಗಿತ್ತು. ದೊಡ್ಡ ಮಗ ತಂಬಿಗೆಯನ್ನು ನನ್ನ ಕೈಗೆ ಕೊಟ್ಟ.

"ಅಕ್ಕಾ, ಅಪ್ಪ ಮಾತು ನಿಲ್ಲೂಕಿಂತ ಮೊದ್ಲ ಹೇಳ್ಯಾನ. ಕಡೀ ನೀರು ಹಾಲಿ ಹಾಕ್ಬೇಕು, ಆಕಿ ನನ್ನ ಬಿಟ್ಟು ಕೊಟ್ಟಿಲ್ಲ ಅಂತ."

ನಾನು ಅವನ ಕಿವಿಯ ಹತ್ತಿರ ಬಗ್ಗಿದೆ. ಕಾಕಾ, ಅದು ಅಜ್ಜನ ಬೆರಳಲ್ಲ, ನನ್ನ ಹಾಳೆ ಎಂದು ಹೇಳಲು ತುಟಿ ತೆರೆದೆ. ಅವನ ಕಣ್ಣು ನನ್ನ ಮೇಲೇ ಇತ್ತು. ಬಾಯಿ ನೀರಿಗೆ ತೆರೆದಿತ್ತು. ಮೂರು ಚಮಚ ಹಾಕಿದೆ. ಎರಡನ್ನು ನುಂಗಿದ.